ಕಲ್ಲಕ್ಕ ಕೇಳಿದ ಒಂದು ಬಿಲ್ಲೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮನೆಯ ಕೆಳಗಿನ ಉದ್ದನೆಯ ಕೆಲಸದ ಕೋಣೆಯಲ್ಲಿ ಒಂದೇ ಒಂದು ದೀಪ. ಅದರ ಕೆಳಗೆ, ಕಿಟಕಿ ಪಕ್ಕದ ತಗ್ಗು ಮೇಜಿನ ಮುಂದೆ, ಐವತ್ತು ದಾಟಿದ ಹೆಂಗಸೊಬ್ಬರು ಕಾಲು ಮಡಚಿ ಕೂತಿದ್ದಾರೆ. ಕೈಯಲ್ಲಿ ಪೆನ್ಸಿಲ್. ಹಾಳೆಯ ಮೇಲೆ ಸುರುಳಿ ಬರೆಯುತ್ತಿದ್ದಾರೆ, ಒಳಗಿನ ಚುಕ್ಕಿಯಿಂದ ಶುರುವಾಗಿ ಬಸವನಹುಳುವಿನ ಚಿಪ್ಪಿನ ಹಾಗೆ ಹೊರಕ್ಕೆ ಬಿಚ್ಚಿಕೊಳ್ಳುವ ಸುರುಳಿ. ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಗೆರೆ ಉಬ್ಬಿಬಿಡುತ್ತದೆ.

"ಥೂ, ನಿನ್ ಮುಖಕ್ಕಿಷ್ಟು!"

ಬೈದಿದ್ದು ಪೆನ್ಸಿಲ್ಲಿಗೆ. ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಮತ್ತೆ ಉಬ್ಬುತ್ತದೆ. ಮತ್ತೆ ಬೈಗುಳ, ಈ ಸಲ ರಬ್ಬರನ್ನೂ ಸೇರಿಸಿಕೊಂಡು.

ಇವರನ್ನು ಇಲ್ಲಿ ಎಲ್ಲರೂ ಕಲ್ಲಕ್ಕ ಅನ್ನುತ್ತಾರೆ. ಹಸ್ತಪ್ರತಿ ಬರೆಯುವ ಕಾಗದವನ್ನು ಕಲ್ಲಿನಿಂದ ಉಜ್ಜಿ ನುಣುಪು ಮಾಡುವುದು ಇವರ ಕೆಲಸ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಮಾಡಿದ್ದು ಅದೊಂದನ್ನೇ. ಈಗ, ಈ ವಯಸ್ಸಿನಲ್ಲಿ, ಹೊನ್ನಿನ ಕೆಲಸ ಕಲಿಯಲು ಹೊರಟಿದ್ದಾರೆ. ಹೊನ್ನಿನ ಕೆಲಸ ಅಂದರೆ ಪವಿತ್ರ ಗ್ರಂಥದ ಕೈಬರಹದ ಪ್ರತಿಗಳನ್ನು ಚಿನ್ನ, ನೀಲಿ, ಕೆಂಪುಗಳ ಬಳ್ಳಿ, ಎಲೆ, ಹೂವುಗಳಿಂದ ಅಲಂಕರಿಸುವುದು. ಇಸ್ಲಾಮಿನ ಬಹಳ ಹಳೆಯ ಕಲೆ. ಅದರಲ್ಲಿ ಇವರಿನ್ನೂ ಅ ಆ ಇ ಈ. ಅಷ್ಟೇನೂ ಚೆನ್ನಾಗಿ ಬರುತ್ತಲೂ ಇಲ್ಲ. ಮುಚ್ಚಿಡುವುದೇನು, ಅವರೇ ಮುಚ್ಚಿಡುತ್ತಿಲ್ಲ.

"ಇಷ್ಟು ಬೆಳಗ್ಗೇನೇ ಯಾಕೆ?" ಅಂತ ಕೇಳುತ್ತೇನೆ.

"ಕಲ್ಲು ಹಿಡಿಯೋಕೆ ಮುಂಚೆ ಬರೀಬೇಕಲ್ಲ. ಕಲ್ಲು ಹಿಡಿದ ಮೇಲೆ ಕೈ ನಡುಗುತ್ತೆ. ಆಮೇಲೆ ನೀರಿನ ಲೋಟ ಎತ್ತಿದ್ರೂ ಅರ್ಧ ಮೈಮೇಲೆ."

ಸ್ವಲ್ಪ ಹೊತ್ತಿಗೆ ಬೆಳಕಾಗುತ್ತದೆ. ಕಲ್ಲಕ್ಕ ಪೆನ್ಸಿಲ್ ಇಟ್ಟು, ಸುರುಳಿಯ ಹಾಳೆಗಳನ್ನು ಮಡಚಿ ಚಾಪೆಯ ಕೆಳಗೆ ತುರುಕಿ, ಕೋಣೆಯ ಇನ್ನೊಂದು ತುದಿಗೆ ಹೋಗುತ್ತಾರೆ. ಕಿಟಕಿಯಿಲ್ಲದ ತುದಿ ಅದು. ಅಲ್ಲಿ ಮರದ ಹಲಗೆ. ಮೂಲೆಯ ಬಟ್ಟಲಲ್ಲಿ ಪಟಿಕ ಹಾಕಿ ಕಡೆದ ಮೊಟ್ಟೆಯ ಬಿಳಿ, ನೊರೆ ಇಳಿದು ತಿಳಿಯಾಗಲೆಂದು ಬಿಟ್ಟಿದ್ದಾರೆ. ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಕೆನೆಬಣ್ಣ ಬರಿಸಿದ ಕಾಗದಕ್ಕೆ ಇದನ್ನು ಬಳಿದು ಒಣಗಿಸಬೇಕು, ಒಣಗಿದ ಮೇಲೆ ಉಜ್ಜಬೇಕು, ಉಜ್ಜಿದ್ದನ್ನು ಭಾರ ಹೇರಿ ವರ್ಷಗಟ್ಟಲೆ ಕಪಾಟಿನಲ್ಲಿ ಮಲಗಿಸಬೇಕು. ಕಲ್ಲು ಅಂದರೆ ಮೊಟ್ಟೆಯಷ್ಟು ದಪ್ಪದ, ಮರದ ಹಿಡಿಗೆ ಕೂರಿಸಿದ ನುಣ್ಣನೆಯ ಕಲ್ಲು. ಎರಡೂ ಕೈಯಲ್ಲಿ ಹಿಡಿದು ಮೈಭಾರವೆಲ್ಲ ಬಿಟ್ಟು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ. ಹಲಗೆ ಕಿರುಗುಟ್ಟುತ್ತದೆ.

"ಹಿಡಿದು ನೋಡ್ತೀರಾ?" ಅಂತ ಕೊಟ್ಟರು. ಒಂದು ಹಾಳೆಯ ಕಾಲುಭಾಗ ಉಜ್ಜುವಷ್ಟರಲ್ಲಿ ನನ್ನ ಹೆಗಲು ಬಿದ್ದುಹೋಯಿತು. ಕಲ್ಲಕ್ಕ ಬಿದ್ದು ಬಿದ್ದು ನಕ್ಕರು. "ಪೆನ್ನು ಹಿಡಿಯೋ ಕೈ, ಪಾಪ. ಹೋಗಿ ಕೂತ್ಕೊಳ್ಳಿ, ಆ ಕಡೆ ಗಾಳಿ ಬರುತ್ತೆ."

ಈ ಕಾಗದದ ಗುಣವೊಂದನ್ನು ಇಲ್ಲೇ ಹೇಳಿಬಿಡಬೇಕು. ಇದು ಮಸಿಯನ್ನು ಕುಡಿಯುವುದಿಲ್ಲ. ಮಸಿ, ಬಣ್ಣ, ಚಿನ್ನ ಎಲ್ಲ ಮೇಲ್ಮೈಯಲ್ಲೇ ಕೂರುತ್ತವೆ. ಬರೆಯುವವರ ಕೈ ತಪ್ಪಿದರೆ ಒದ್ದೆ ಹತ್ತಿಯಿಂದ ಒರೆಸಿ ತೆಗೆಯಬಹುದು. ಒರೆಸಿದ ಜಾಗವನ್ನು ಮತ್ತೆ ಉಜ್ಜಿದರೆ ಅಲ್ಲೊಂದು ತಪ್ಪಾಗಿತ್ತು ಅನ್ನುವುದೇ ಗೊತ್ತಾಗುವುದಿಲ್ಲ. ಇಲ್ಲಿ ಯಾರು ತಪ್ಪಿದರೂ ಒರೆಸಿಕೊಡುವುದು ಕಲ್ಲಕ್ಕನ ಪಾಲಿನ ಕೆಲಸ.

ನಿಜ ಹೇಳಬೇಕೆಂದರೆ ಪತ್ರಿಕೆಯವರು ನನ್ನನ್ನು ಇಲ್ಲಿಗೆ ಕಳಿಸಿದ್ದು ಇವರ ಬಗ್ಗೆ ಬರೆಯಲಿಕ್ಕಲ್ಲ. ಈ ಮನೆಯ ಹಿರಿಯರು, ಕಲ್ಲಕ್ಕನ ಗಂಡನ ಅಣ್ಣ, ಹೊನ್ನಿನ ಕೆಲಸದಲ್ಲಿ ದೊಡ್ಡ ಹೆಸರು. ಊರೆಲ್ಲ ಉಸ್ತಾದ್ ಅನ್ನುತ್ತದೆ. ಅವರ ಪ್ರದರ್ಶನ ನಡೆದಿತ್ತು, ನಾನೂ ಹೋಗಿದ್ದೆ. ಗಾಜಿನ ಪೆಟ್ಟಿಗೆಯೊಳಗೆ ಪುಟಗಳು, ಸುತ್ತ ಜನ. "ಆಹಾ, ಎಂಥಾ ಹೊಳಪು!" ಅಂತ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಬಾಗಿಲಲ್ಲಿ ಹಂಚಿದ ಕೈಪಿಡಿಯಲ್ಲಿ ಅಕ್ಷರ ಬರೆದವರ ಹೆಸರಿತ್ತು. ಚಿನ್ನ ಹಾಕಿದವರ ಹೆಸರಿತ್ತು. ಗಾಜಿನ ಪೆಟ್ಟಿಗೆ ಒದಗಿಸಿದ ಅಂಗಡಿಯ ಹೆಸರೂ ಇತ್ತು, ದಪ್ಪ ಅಕ್ಷರದಲ್ಲಿ. ಕಾಗದದ ವಿಷಯ? ಒಂದು ಸಾಲೂ ಇಲ್ಲ. ಆ ಹೊಳಪು ಆಕಾಶದಿಂದ ಉದುರಿತ್ತೇನೋ!

ಪತ್ರಿಕೆಯವರು ಈ ಅಂಕಣಕ್ಕೆ 'ಎಲೆಮರೆಯ ಕಾಯಿ' ಅಂತ ಹೆಸರಿಟ್ಟಿದ್ದಾರೆ. ಕೇಳಲಿಕ್ಕೆ ಚೆಂದ. ಆದರೆ ನನಗೆ ಈಗೀಗ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಕಾಯಿ ತಾನಾಗಿ ಹೋಗಿ ಎಲೆ ಹಿಂದೆ ಬಚ್ಚಿಟ್ಟುಕೊಂಡಿತು ಅನ್ನುವ ಹಾಗಿದೆ ಆ ಮಾತು. ಎಲೆಯನ್ನು ತಂದು ಅಡ್ಡ ಹಿಡಿದವರು ಇದ್ದಾರೆ ಸ್ವಾಮಿ. ಹಿಡಿದುಕೊಂಡೇ ನಿಂತಿದ್ದಾರೆ, ಕೈ ನೋವಾದರೂ ಇಳಿಸುತ್ತಿಲ್ಲ.

ಈ ಮನೆಯಲ್ಲಿ ಒಂದು ಪದ್ಧತಿ. ಕುಂಚ ಮನೆಮಕ್ಕಳಿಗೆ, ಕಲ್ಲು ಸೊಸೆಯರಿಗೆ. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಯಾರಿಗೂ ಗೊತ್ತಿಲ್ಲ. ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಕರೆದು ಕಲ್ಲನ್ನು ಕೈಗಿಟ್ಟರಂತೆ.

"ನಂಗೆ ಏನೋ ದೊಡ್ಡ ಉಡುಗೊರೆ ಕೊಡ್ತಿದಾರೆ ಅಂತ ಖುಷಿಯಾಗಿ ಎರಡೂ ಕೈ ಒಡ್ಡಿದೆ," ಅನ್ನುತ್ತಾರೆ ಕಲ್ಲಕ್ಕ. "ಅತ್ತೆ ಹೆಗಲು ಒಂದು ಕಡೆ ಇಳಿದುಹೋಗಿತ್ತು. ಹುಟ್ಟಿದ್ದೇ ಹಾಗೆ ಅಂದ್ಕೊಂಡಿದ್ದೆ. ಈಗ ನನ್ನದು ನೋಡಿ."

ನೋಡುತ್ತೇನೆ. ಬಲಹೆಗಲು ಎಡಕ್ಕಿಂತ ಕೆಳಗಿದೆ. ಅಂಗಿ ಹೊಲಿಯುವಾಗ ಆ ಕಡೆಯ ತೋಳನ್ನು ಬೇರೆಯೇ ಅಳತೆಗೆ ಹೊಲಿದುಕೊಳ್ಳುತ್ತಾರಂತೆ.

ಓರಗಿತ್ತಿ, ಅಂದರೆ ಉಸ್ತಾದರ ಹೆಂಡತಿ, ಮಗಳು ಚಿಕ್ಕವಳಿರುವಾಗಲೇ ತೀರಿಕೊಂಡರು. ಆ ಮಗು ಬೆಳೆದಿದ್ದು ಕಲ್ಲಕ್ಕನ ಹಲಗೆಯ ಪಕ್ಕದಲ್ಲಿ. ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತಾರೆ. ಪುಟ್ಟಿಗೆ ಅಪ್ಪ ಕುಂಚ ಹಿಡಿಯುವುದನ್ನು ಕಲಿಸಿದರು, ಈಗ ಅಪ್ಪನಷ್ಟೇ ಸೂಕ್ಷ್ಮವಾದ ಕೈ ಅವಳದು. ಕಲ್ಲಕ್ಕನ ಗಂಡ ಬೈಂಡಿಂಗ್ ಮಾಡುತ್ತಾರೆ, ಪುಟಗಳನ್ನು ಹೊಲಿದು ರಟ್ಟು ಕಟ್ಟುತ್ತಾರೆ. ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ ಅನ್ನುವಷ್ಟು ಕಡಿಮೆ ಮಾತಿನ ಮನುಷ್ಯ. "ನಮ್ಮಿಬ್ಬರ ಪಾಲಿನ ಮಾತನ್ನೂ ನಾನೇ ಆಡ್ತೀನಿ," ಅನ್ನುತ್ತಾರೆ ಕಲ್ಲಕ್ಕ.

ಹಾಗಾದರೆ ಇಷ್ಟು ವರ್ಷ ಇಲ್ಲದ ಆಸೆ ಈಗ ಯಾಕೆ ಹುಟ್ಟಿತು? ಅದಕ್ಕೆ ಕಾರಣ ಒಬ್ಬ ದಂತವೈದ್ಯ.

ಉಸ್ತಾದ್ ವಾರಕ್ಕೊಮ್ಮೆ ಹವ್ಯಾಸಿಗಳಿಗೆ ಪಾಠ ಮಾಡುತ್ತಾರೆ. ಅಲ್ಲಿಗೆ ಬರುತ್ತಿದ್ದ ಒಬ್ಬ ಹಲ್ಲಿನ ಡಾಕ್ಟರಿಗೆ ಒಂದೆರಡು ತಿಂಗಳಲ್ಲೇ ಬಿಲ್ಲೆ ಸಿಕ್ಕಿತು. ಬಿಲ್ಲೆ ಅಂದರೆ ಗ್ರಂಥದಲ್ಲಿ ಒಂದೊಂದು ವಾಕ್ಯ ಮುಗಿದಾಗಲೂ ಬಿಡಿಸುವ ಪುಟ್ಟ ಚಿನ್ನದ ದುಂಡು, ಹೆಬ್ಬೆರಳಿನ ಉಗುರಿನಷ್ಟು. ಒಳಗೆ ಹೂವಿನ ದಳದಂಥ ಗೆರೆಗಳು, ಅಂಚಿಗೆ ನೀಲಿ ಮತ್ತು ಕೆಂಪು ಚುಕ್ಕಿ. ಕಲಿಯುವವರಿಗೆ ನಿಜವಾದ ಪ್ರತಿಯಲ್ಲಿ ಮೊದಲ ಸಲ ಒಂದು ಬಿಲ್ಲೆ ಬಿಡಿಸಲು ಕೊಟ್ಟರೆ ಅವರನ್ನು ಒಳಗೆ ಸೇರಿಸಿಕೊಂಡ ಹಾಗೆ. ಸರ್ಟಿಫಿಕೇಟು, ಸಮಾರಂಭ ಏನೂ ಇಲ್ಲ. ಬಿಲ್ಲೆಯೇ ಎಲ್ಲ.

ಡಾಕ್ಟರ ಬಿಲ್ಲೆ ಸೊಟ್ಟಗಾಯಿತು. ಉಸ್ತಾದ್ ತಲೆಯೆತ್ತದೆ ಕೂಗಿದರು, "ಕಲ್ಲಕ್ಕ, ಇದನ್ನ ಒರೆಸಿ ಉಜ್ಜಿಕೊಡು." ಕಲ್ಲಕ್ಕ ಬಂದರು, ಒರೆಸಿದರು, ಉಜ್ಜಿಕೊಟ್ಟರು. ಡಾಕ್ಟರು ಎರಡನೇ ಸಲ ಬಿಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ತೆಗೆಯುವಾಗ ಹುಡುಗಿಯೊಬ್ಬಳು "ಆಂಟೀ, ಸ್ವಲ್ಪ ಪಕ್ಕಕ್ಕೆ" ಅಂದಳಂತೆ.

"ಪಕ್ಕಕ್ಕೆ ಹೋದೆ," ಅನ್ನುತ್ತಾರೆ ಕಲ್ಲಕ್ಕ. ಇಲ್ಲಿ ಅವರ ದನಿ ಏರುತ್ತದೆ. "ಹಲಗೆ ಹತ್ರ ಬಂದು ಕೂತೆ. ಕಲ್ಲು ಹಿಡಿದೆ. ಉಜ್ಜೋಕೆ ಆಗ್ಲಿಲ್ಲ. ಅಲ್ರೀ, ಹಲ್ಲು ಕೀಳೋ ಕೈ ಆಗುತ್ತೆ, ಕಾಗದ ಉಜ್ಜೋ ಕೈ ಆಗಲ್ವಾ? ಅವತ್ತು ಸಂಜೇನೇ ಕೇಳಿದೆ. ಭಾವ, ನಂಗೂ ಒಂದು ಬಿಲ್ಲೆ ಕೊಡಿ ಅಂತ."

"ಏನಂದರು?"

"ನಕ್ಕರು. ಬೈದಿದ್ರೆ ಜಗಳ ಆಡ್ತಿದ್ದೆ. ಮಗು ಏನೋ ತೊದಲಿದ್ರೆ ನಗ್ತಾರಲ್ಲ, ಹಾಗೆ ನಕ್ಕುಬಿಟ್ರು."

ಅವತ್ತಿನಿಂದ ಬೆಳಗಿನ ಜಾವದ ಈ ಪಾಠ. ಕಲಿಸುವುದು ಪುಟ್ಟಿ. ತನ್ನನ್ನು ಎತ್ತಿ ಆಡಿಸಿದ ಚಿಕ್ಕಮ್ಮನಿಗೆ ಈಗ ಅವಳೇ ಮೇಷ್ಟರು, ಅದೂ ಎಂಥಾ ಮೇಷ್ಟರು! ನನ್ನೆದುರಿಗೇ ಹಿಂದಿನ ದಿನದ ಹಾಳೆ ಎತ್ತಿ ಹಿಡಿಯುತ್ತಾಳೆ.

"ಚಿಕ್ಕಮ್ಮ, ಇದೇನಿದು? ಬಳ್ಳಿ ಈ ಕಡೆ ಹೋಗ್ತಿದೆ, ಎಲೆ ಆ ಕಡೆ ತಿರುಗಿ ನೋಡ್ತಿದೆ."

"ಒಂದು ಎಲೆ ತಾನೇ."

"ಒಂದೇ ಆದ್ರೂ ತಪ್ಪೇ. ಬಳ್ಳಿ ಯಾವ ಕಡೆ ಹರಿಯುತ್ತೋ ಎಲೆ ಆ ಕಡೆಗೇ ಬಾಗಬೇಕು. ಎಷ್ಟು ಸಲ ಹೇಳ್ಲಿ?"

"ನಿನ್ನ ಮೂಗು ಒರೆಸಿದ ಕೈ ಕಣೇ ಇದು. ಸ್ವಲ್ಪ ಮರ್ಯಾದೆ ಕೊಡು."

"ಮರ್ಯಾದೆ ಆಮೇಲೆ. ಮೊದಲು ಅಳಿಸು."

ಅಳಿಸುತ್ತಾರೆ. ಗೊಣಗುತ್ತಲೇ. ಇಬ್ಬರೂ ಸೇರಿ ನಗುವ ಸದ್ದಿಗೆ ಮೇಲಿನ ಮನೆಯಲ್ಲಿ ಬಾಗಿಲು ತೆರೆಯುತ್ತದೆ, ಅದರೊಡನೆ ಇಬ್ಬರ ನಗುವೂ ನಿಲ್ಲುತ್ತದೆ.

ಉಸ್ತಾದ್ ಇಳಿದು ಬರುತ್ತಾರೆ. ಬಿಳಿ ಗಡ್ಡ, ಮಡಿಕೆ ಕೆಡದ ಅಂಗಿ. ನನ್ನನ್ನು ಕಂಡು ಪ್ರೀತಿಯಿಂದ ಮಾತಾಡಿಸುತ್ತಾರೆ. ಕೆಟ್ಟ ಮನುಷ್ಯರಲ್ಲ. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ, ಹೇಳಿದರೂ ನನ್ನ ಸಿಟ್ಟೇನೂ ಇಳಿಯುವುದಿಲ್ಲ. ಚಿನ್ನದ ತೆಳು ಹಾಳೆಯನ್ನು ತಟ್ಟೆಗೆ ಹಾಕಿ, ಅಂಟು ಬೆರೆಸಿ, ಬೆರಳಲ್ಲೇ ಅರೆಯುತ್ತಾ ಕೂತರೆ ಹೊತ್ತು ಹೋಗಿದ್ದೇ ಅವರಿಗೆ ತಿಳಿಯುವುದಿಲ್ಲ. ತಮ್ಮ ಕೆಲಸಕ್ಕೆ ಅಷ್ಟು ನಿಷ್ಠರು. ಕಲ್ಲಕ್ಕ ಅವರ ಮುಂದೆ ಹೋಗಿ ನಿಲ್ಲುತ್ತಾರೆ. ಚಾಪೆಯ ಕೆಳಗಿನ ಹಾಳೆಗಳೆಲ್ಲ ಈಗ ಕೈಯಲ್ಲಿವೆ.

"ಭಾವ, ಇಷ್ಟು ಕಲ್ತಿದೀನಿ. ಬಿಲ್ಲೆ ಬಿಡಿಸೋದೂ ಬರುತ್ತೆ. ಈಗ ಮಾಡ್ತಿರೋ ಪ್ರತಿಯಲ್ಲಿ ನಂಗೊಂದು ಕೊಡಿ."

ಉಸ್ತಾದ್ ಹಾಳೆಗಳನ್ನು ಒಂದೊಂದಾಗಿ ನೋಡುತ್ತಾರೆ. ಈ ಸಲ ನಗುವುದಿಲ್ಲ.

"ನೋಡಮ್ಮಾ, ಕೈ ಚಾಚು."

ಚಾಚುತ್ತಾರೆ. ಕೈ ನಡುಗುತ್ತಿದೆ. ಆಗಷ್ಟೇ ಎರಡು ಹಾಳೆ ಉಜ್ಜಿ ಮುಗಿಸಿದ ಕೈ ಅದು.

"ಬಿಲ್ಲೆಯ ಪಕ್ಕದಲ್ಲೇ ಅಕ್ಷರ ಇರುತ್ತೆ. ಪವಿತ್ರವಾದ ಅಕ್ಷರ. ಕೂದಲೆಳೆಯಷ್ಟು ತಪ್ಪಿದ್ರೂ ಅದಕ್ಕೆ ತಗಲುತ್ತೆ. ಉಜ್ಜೋ ಕೈಗೆ ಕುಂಚ ಒಗ್ಗಲ್ಲ. ನಿನ್ನ ತಪ್ಪು ಅಂತಲ್ಲ, ಕೈ ಇರೋದೇ ಹಾಗೆ."

"ಕೈ ಹೀಗಿರೋದು ಯಾರ ಕಾಗದ ಉಜ್ಜಿ, ಭಾವ?"

ಉಸ್ತಾದ್ ನನ್ನ ಕಡೆ ತಿರುಗಿ "ನಾವು ಮೇಲೆ ಕೂತು ಮಾತಾಡೋಣ್ವಾ?" ಅನ್ನುತ್ತಾರೆ. ಹೋದೆ. ಒಳ್ಳೊಳ್ಳೆಯ ಮಾತು ಹೇಳಿದರು, ತಾಳ್ಮೆಯ ಬಗ್ಗೆ, ಶ್ರದ್ಧೆಯ ಬಗ್ಗೆ, ಅಹಂಕಾರ ಕಳೆದುಕೊಳ್ಳುವುದರ ಬಗ್ಗೆ. ಕೆಳಗಡೆ ಹಲಗೆ ಕಿರುಗುಟ್ಟುವ ಸದ್ದು ಕೇಳಿಸುತ್ತಿರಲಿಲ್ಲ. ಆ ಸದ್ದು ನಿಂತಿದ್ದು ನನ್ನ ಗಮನಕ್ಕೆ ಬಂತು, ಅವರ ಗಮನಕ್ಕೆ ಬರಲಿಲ್ಲ.

ಕಲ್ಲಕ್ಕ ಅವತ್ತು ಕಲ್ಲನ್ನು ಕೆಳಗಿಟ್ಟವರು ಮತ್ತೆ ಮುಟ್ಟಲಿಲ್ಲ.

ಮುಂದಿನ ಸುದ್ದಿಯೆಲ್ಲ ನನಗೆ ಸಿಕ್ಕಿದ್ದು ಪುಟ್ಟಿಯ ಫೋನಿನಲ್ಲಿ. ಮೊದಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಿಟ್ಟು ಇಳಿದರೆ ತಾನೇ ಬರುತ್ತಾಳೆ ಅಂದುಕೊಂಡರು. ಕಪಾಟಿನ ತುಂಬ ಸಿದ್ಧ ಕಾಗದ ಇದೆಯಲ್ಲ, ಚಿಂತೆಯೇನು? ಅಷ್ಟರಲ್ಲಿ ಪ್ರತಿಯ ಕೊನೆಯ ಭಾಗದ ಒಂದು ಹಾಳೆಗೆ ನೀರು ಚೆಲ್ಲಿತು, ಬರೆದ ಅಕ್ಷರವೆಲ್ಲ ಕದಡಿಹೋಯಿತು. ಅದನ್ನು ಹೊಸ ಹಾಳೆಯಲ್ಲಿ ಮೊದಲಿನಿಂದ ಬರೆಸಬೇಕು. ಉಸ್ತಾದ್ ಕಪಾಟಿನ ಹತ್ತಿರ ಹೋದರು. ಬೀಗ! ಬೀಗದ ಕೈ ಕಲ್ಲಕ್ಕನ ಸೊಂಟದಲ್ಲಿ.

"ಬೀಗದ ಕೈ ಕೊಡಮ್ಮಾ."

"ಬಿಲ್ಲೆ ಕೊಡಿ."

"ಇದು ಈ ಕೆಲಸದ ಕೋಣೆಯ ಕಾಗದ."

"ಕೋಣೆ ನಿಮ್ದು. ಕಾಗದ ನಂದು. ನನ್ನ ಹೆಗಲು ಕೇಳಿ ನೋಡಿ, ಯಾರದ್ದು ಅಂತ ಅದೇ ಹೇಳುತ್ತೆ."

ಉಸ್ತಾದ್ ಪೇಟೆಯಿಂದ ದುಬಾರಿ ಕಾಗದ ತರಿಸಿದರು. ನುಣುಪೇನೋ ಇತ್ತು. ಆದರೆ ಆ ಕಾಗದ ಮಸಿ ಕುಡಿಯುತ್ತದೆ. ಅಕ್ಷರ ಬರೆಯುವವರು ಒಂದು ಕಡೆ ಕೈ ತಪ್ಪಿದರು. ಒರೆಸಲು ಹೋದರೆ ಕಾಗದವೇ ಕಿತ್ತುಬಂತು. ಇನ್ನೊಂದು ಹಾಳೆ, ಅದರಲ್ಲೂ ತಪ್ಪು. ತಪ್ಪು ಎಲ್ಲರೂ ಮಾಡುತ್ತಾರೆ, ಮೊದಲೂ ಮಾಡುತ್ತಿದ್ದರು. ಈಗ ಅಳಿಸಲು ಆಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಮಾತು ನಿಂತಿತು. ಅಣ್ಣ ತಮ್ಮನನ್ನು ಕರೆದು "ನೀನಾದರೂ ಹೇಳೋ ಅವಳಿಗೆ" ಅಂದರು. ಬೈಂಡಿಂಗ್ ಮಾಡುವ ತಮ್ಮ ದಾರಕ್ಕೆ ಮೇಣ ಹಚ್ಚುತ್ತಾ "ಹೇಳಿದೆ. ಇನ್ನೂ ಗಟ್ಟಿಯಾಗಿ ಹಿಡ್ಕೋ ಅಂತ ಹೇಳಿದೆ," ಅಂದರಂತೆ. ಪುಟ್ಟಿ ಇದನ್ನು ಹೇಳುವಾಗ ಫೋನಿನಲ್ಲೇ ಕಿಸಕ್ಕನೆ ನಕ್ಕಳು. ಚಿಕ್ಕಪ್ಪ ಅಪ್ಪನಿಗೆ ಎದುರಾಡಿದ್ದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಕೊನೆಗೆ ಉಸ್ತಾದ್ ಒಪ್ಪಿದರು. "ಒಂದು. ಒಂದೇ." ಕಪಾಟು ತೆರೆಯಿತು. ನಾನು ಮತ್ತೆ ಹೊರಟೆ.

ಆ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಕಲ್ಲಕ್ಕ ಕೈಕಾಲು ಮುಖ ತೊಳೆದು ಶುದ್ಧಿಯಾಗಿ ಮೇಜಿನ ಮುಂದೆ ಕೂತಿದ್ದಾರೆ. ಹೊಸದಾಗಿ ಬರೆಸಿದ ಆ ಹಾಳೆ ಮುಂದಿದೆ. ಮುಖ ಮಾತ್ರ ಕೆಂಪಾಗಿದೆ.

"ನೋಡಿ, ಯಾವ ಬಿಲ್ಲೆ ಕೊಟ್ಟಿದಾರೆ ನೋಡಿ!"

ನೋಡುತ್ತೇನೆ. ಪುಟದ ಒಳ ಅಂಚಿಗೆ ಒತ್ತಿಕೊಂಡಿರುವ ಜಾಗ. ಹಾಳೆ ಪುಸ್ತಕವಾದ ಮೇಲೆ ಹೊಲಿಗೆಯ ಮಡಿಕೆಯೊಳಗೆ ಸೇರಿಹೋಗುವ ಜಾಗ. ಬೇಕೆಂದೇ ಹುಡುಕಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಇಡೀ ಪ್ರತಿಯಲ್ಲಿ ಸಾವಿರಗಟ್ಟಲೆ ಬಿಲ್ಲೆಗಳಿರುವಾಗ ಉಸ್ತಾದ್ ಇದೊಂದನ್ನು ಹುಡುಕಿ ತೆಗೆದಿದ್ದಾರೆ. ನನ್ನ ಬಾಯಿಗೆ ಬಂದ ಮಾತನ್ನು ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ.

ಬಾಗಿಲ ಹತ್ತಿರ ನಿಂತಿದ್ದ ಗಂಡ ಕೆಮ್ಮುತ್ತಾರೆ. "ಹೊಲಿಯೋನು ನಾನು ತಾನೇ?"

"ಅದಕ್ಕೇನೀಗ?"

"ಆ ಪುಟ ಚಪ್ಪಟೆಯಾಗಿ ತೆರ್ಕೊಳ್ಳೋ ಹಾಗೆ ಹೊಲೀತೀನಿ. ಪುಸ್ತಕ ಎಲ್ಲಿ ತೆಗೆದ್ರೂ ಅಲ್ಲೇ ಬಂದು ನಿಲ್ಲಬೇಕು, ಹಾಗೆ."

ಕಲ್ಲಕ್ಕ ಗಂಡನನ್ನೇ ನೋಡುತ್ತಾರೆ. "ರೀ, ಇಷ್ಟುದ್ದ ಮಾತಾಡ್ತೀರಾ ನೀವು?" ಅಂದು ಕುಂಚ ಎತ್ತಿಕೊಳ್ಳುತ್ತಾರೆ.

ಕೈವಾರದಿಂದ ದುಂಡು ಎಳೆಯುತ್ತಾರೆ. ನಾಲ್ಕೈದು ಕೂದಲಿನ ಕುಂಚವನ್ನು ಚಿನ್ನದಲ್ಲಿ ಅದ್ದಿ ಒಳಗೆ ತುಂಬುತ್ತಾರೆ. ಹತ್ತಿರದಲ್ಲೇ, ಅಕ್ಕಿಕಾಳಿನಷ್ಟು ದೂರಕ್ಕೆ, ವಾಕ್ಯದ ಕೊನೆಯ ಅಕ್ಷರ. ಕೈ ಅಲ್ಲಾಡುತ್ತಿಲ್ಲ. ಪುಟ್ಟಿ ಪಕ್ಕದಲ್ಲೇ ಚಿನ್ನದ ತಟ್ಟೆ ಹಿಡಿದು ನಿಂತಿದ್ದಾಳೆ. ಉಸ್ತಾದ್ ಬೆನ್ನು ತಿರುಗಿಸಿ ಬಣ್ಣ ಅರೆಯುತ್ತಿದ್ದಾರೆ, ತಮಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ.

ಚಿನ್ನ ಒಣಗಬೇಕು. ಒಣಗಿದ ಮೇಲೆ ಅದಕ್ಕೆಂದೇ ಇರುವ ಚಿಕ್ಕ ಕಲ್ಲಿನಿಂದ, ಬೆಕ್ಕಿನ ಬೆನ್ನು ಸವರುವಷ್ಟು ಹಗುರವಾಗಿ, ಹೊಳಪು ಕೊಡಬೇಕು. ಪುಟ್ಟಿ ಕಲ್ಲನ್ನು ಕೈಗೆ ಕೊಡುತ್ತಾಳೆ. ಕಲ್ಲಕ್ಕ ಹಿಡಿದು, ಒತ್ತಿ, ಒಂದು ಸಲ ಉಜ್ಜುತ್ತಾರೆ.

ಅಷ್ಟೇ. ಚಿನ್ನ ಎದ್ದುಬಂದು ಕಲ್ಲಿಗೆ ಅಂಟಿಕೊಂಡಿದೆ. ಉಳಿದದ್ದು ಉದ್ದಕ್ಕೆ ಬಳಿದುಕೊಂಡು ಅಕ್ಷರದ ಬಾಲದ ಹತ್ತಿರಕ್ಕೆ ಹೋಗಿ ನಿಂತಿದೆ.

ಇಷ್ಟು ವರ್ಷ ಮೈಭಾರ ಬಿಟ್ಟು ಕಾಗದ ಉಜ್ಜಿದ ಕೈ ಅದು. ಕಲ್ಲು ಸಿಕ್ಕಿದ ತಕ್ಷಣ ತನಗೆ ಗೊತ್ತಿರುವ ಹಾಗೆಯೇ ಒತ್ತಿತು. ಬೇರೆ ಯಾವ ಹೊಸಬರೂ ಈ ತಪ್ಪು ಮಾಡಲಾರರು, ಅಷ್ಟು ಬಲ ಅವರ ಕೈಯಲ್ಲಿರುವುದಿಲ್ಲ. ಬಣ್ಣ ಅರೆಯುವ ಸದ್ದು ನಿಂತಿದೆ. ಉಸ್ತಾದ್ ತಿರುಗಿದ್ದಾರೆ.

"ಹೇಳಿರಲಿಲ್ವಾ?"

ಕಲ್ಲಕ್ಕನ ಕೈ ನಡುಗುತ್ತಿದೆ. ಕೆಲಸದ ನಡುಕವಲ್ಲ ಇದು, ಸಿಟ್ಟಿನದು. ಇನ್ನು ಒರೆಸಬೇಕು, ಒರೆಸುವುದೇ ಈಗ ದೊಡ್ಡ ಗಂಡಾಂತರ. ಚಿನ್ನವನ್ನು ತೆಗೆಯುವ ನೀರು ಅಕ್ಷರವನ್ನೂ ತೆಗೆಯುತ್ತದೆ. ಹತ್ತಿಯಲ್ಲಿ ಒಂದು ಹನಿ ಹೆಚ್ಚಾದರೆ ಆ ಅಕ್ಷರ ಹೋಯಿತು, ಹಾಳೆ ಹೋಯಿತು, ಉಸ್ತಾದರ ಮಾತೇ ನಿಜವಾಯಿತು. ಕಲ್ಲಕ್ಕ ಇನ್ನು ಸಾಯುವ ತನಕ ಕಿಟಕಿಯಿಲ್ಲದ ಆ ತುದಿಯಲ್ಲೇ.

"ಚಿಕ್ಕಮ್ಮ, ಕೊಡು, ನಾನು ಒರೆಸ್ತೀನಿ," ಅನ್ನುತ್ತಾಳೆ ಪುಟ್ಟಿ. ಅವಳ ಕಣ್ಣಲ್ಲಿ ನೀರು.

"ಮುಟ್ಟಬೇಡ."

ಕಲ್ಲಕ್ಕ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೇ ಕೂತುಬಿಡುತ್ತಾರೆ, ತುಂಟ ಮಗುವನ್ನು ಒತ್ತಿ ಹಿಡಿದ ಹಾಗೆ. ಕಿಟಕಿಯ ಕಡೆ ನೋಡುತ್ತಾ ಕೂರುತ್ತಾರೆ. ರಸ್ತೆಯಲ್ಲಿ ಯಾರದೋ ಸೈಕಲ್ಲಿನ ಗಂಟೆ. ಎಷ್ಟೋ ಹೊತ್ತಾದ ಮೇಲೆ ಕೈ ಹೊರತೆಗೆದು ನೋಡಿಕೊಳ್ಳುತ್ತಾರೆ. ಹತ್ತಿಯನ್ನು ಸೂಜಿಯಂತೆ ಹೊಸೆದು, ನೀರಿಗೆ ತಾಗಿಸಿ, ತನ್ನ ಮುಂಗೈ ಮೇಲೆ ಒತ್ತಿ ಒಣಗಿಸಿ, ಉಳಿದ ತೇವದಿಂದ ಒರೆಸಲು ಶುರುಮಾಡುತ್ತಾರೆ. ಅಕ್ಷರದ ಕಡೆಯಿಂದ ಆಚೆಗೆ, ಆಚೆಗೆ. ಈ ಕೆಲಸ ಅವರಿಗೆ ಹೊಸದಲ್ಲವಲ್ಲ. ಈ ಕೋಣೆಯಲ್ಲಿ ಕೂತ ಪ್ರತಿಯೊಬ್ಬರ ತಪ್ಪನ್ನೂ ಹೀಗೆಯೇ ಒರೆಸಿದ್ದಾರೆ. ಉಸ್ತಾದರದ್ದೂ ಸೇರಿ.

ಚಿನ್ನ ಹೋಗುತ್ತದೆ. ಅಕ್ಷರ ಹಾಗೇ ಇದೆ.

"ಒಳ್ಳೇ ಕಾಗದ," ಅನ್ನುತ್ತಾರೆ ಕಲ್ಲಕ್ಕ, ಯಾರಿಗೋ ಅನ್ನುವ ಹಾಗೆ. "ಇಷ್ಟು ವರ್ಷ ಎಲ್ಲರ ತಪ್ಪೂ ಅಳಿಸಿಕೊಡ್ತು. ನಂದೂ ಒಂದು ಇರ್ಲಿ."

ಎರಡನೇ ಸಲ ದುಂಡು, ಎರಡನೇ ಸಲ ಚಿನ್ನ. ಈ ಸಲ ಚಿಕ್ಕ ಕಲ್ಲನ್ನು ಎರಡೇ ಬೆರಳಲ್ಲಿ ಹಿಡಿಯುತ್ತಾರೆ, ಒತ್ತಲು ಮನಸ್ಸು ಬಂದರೂ ಒತ್ತಲು ಆಗದ ಹಾಗೆ. ಹೊಳಪು ನಿಧಾನಕ್ಕೆ ಏಳುತ್ತದೆ. ಕಪ್ಪು ಗೆರೆಯಲ್ಲಿ ದಳಗಳು, ಆಮೇಲೆ ನೀಲಿ ಚುಕ್ಕಿ, ಕೆಂಪು ಚುಕ್ಕಿ. ಮುಗಿಯುವ ಹೊತ್ತಿಗೆ ಬಿಸಿಲು ಮೇಜಿನ ಮೇಲೆ ಬಂದಿದೆ.

ಉಸ್ತಾದ್ ಬಂದು ಬಗ್ಗಿ ನೋಡುತ್ತಾರೆ. ಕನ್ನಡಕ ಏರಿಸಿ ನೋಡುತ್ತಾರೆ, ಇಳಿಸಿ ನೋಡುತ್ತಾರೆ.

"ಸೊಟ್ಟಗಿದೆ," ಅನ್ನುತ್ತಾರೆ.

ಸೊಟ್ಟಗೇ ಇದೆ. ಒಂದು ದಳ ಇನ್ನೊಂದಕ್ಕಿಂತ ದಪ್ಪ, ದುಂಡು ಒಂದು ಕಡೆ ಚೂರು ಉಬ್ಬಿದೆ. ನನಗೇ ಕಾಣುತ್ತಿದೆ, ಅವರಿಗೆ ಕಾಣದೇ ಇರುತ್ತದೆಯೇ? ಉಸ್ತಾದ್ ಅಭ್ಯಾಸಬಲದಿಂದ ಬಾಯಿ ತೆರೆಯುತ್ತಾರೆ, "ಕಲ್ಲಕ್ಕ, ಇದನ್ನ ಒರೆಸಿ..." ಅಂದವರು ಅಲ್ಲಿಗೇ ನಿಲ್ಲಿಸುತ್ತಾರೆ. ಯಾರಿಗೆ ಹೇಳುತ್ತಿದ್ದೇನೆ ಅಂತ ಆಗ ಹೊಳೆದಿರಬೇಕು.

ಕಲ್ಲಕ್ಕ ತಲೆಯೆತ್ತಿ ಭಾವನ ಮುಖವನ್ನು ನೇರವಾಗಿ ನೋಡುತ್ತಾರೆ.

"ಒರೆಸೋಳು ನಾನೇ ತಾನೇ, ಭಾವ? ಒರೆಸಲ್ಲ. ಅದು ಹಾಗೇ ಇರುತ್ತೆ," ಅನ್ನುತ್ತಾ ಕುಂಚವನ್ನು ತೊಳೆಯುತ್ತಾರೆ. ಕೆಳಗಿಡುವುದಿಲ್ಲ. "ಮುಂದಿನದು ಕೊಡಿ."